ಒಪ್ಪಂದದಲ್ಲಿ ಇಲ್ಲದ ವೀರೇಶ

ಅದು ನನ್ನ ನಿವೃತ್ತಿಗೆ ಮುಂಚಿನ ಕೊನೆಯ ವರ್ಷ. ಕನ್ನಡ ದಿನಪತ್ರಿಕೆಯೊಂದರ ಬಳ್ಳಾರಿ ಜಿಲ್ಲಾ ವರದಿಗಾರ್ತಿಯಾಗಿದ್ದೆ. ವಿದೇಶದಲ್ಲಿ ವರ್ಷಗಟ್ಟಲೆ ನಡೆದ ಯುದ್ಧವೊಂದು ಆಗ ಒಪ್ಪಂದದಿಂದ ನಿಂತಿತು. ಆ ದೇಶಗಳ ಹೆಸರು ಬರೆಯುತ್ತಿಲ್ಲ. ಈ ಬರಹದಲ್ಲಿ ಬರುವವರು ಬೇಡವೆಂದು ಕೇಳಿಕೊಂಡಿದ್ದಾರೆ. ಒಪ್ಪಂದದ ತಿರುಳು ಇಷ್ಟು: ಗುಂಡಿನ ಸದ್ದು ನಿಲ್ಲುತ್ತದೆ, ಬದಲಿಗೆ ಗಡಿಯ ದೊಡ್ಡ ಸೀಮೆಯೊಂದು ದಾಳಿ ಮಾಡಿದ ದೇಶಕ್ಕೇ ಸೇರುತ್ತದೆ. ಒಲ್ಲದವರು ಊರು ಬಿಡಬೇಕು.

ಟಿ.ವಿ.ಯಲ್ಲಿ ಒಂದು ರಾಜಧಾನಿಯಲ್ಲಿ ಜನ ಪಟಾಕಿ ಹೊಡೆಯುತ್ತಿದ್ದರು, ಇನ್ನೊಂದರಲ್ಲಿ ಸಂಸತ್ತಿನ ಮುಂದೆ ಕೂತು ಅಳುತ್ತಿದ್ದರು. ಬೆಂಗಳೂರಿನ ಪತ್ರಿಕಾ ಕಚೇರಿಯ ಡೆಸ್ಕ್‌ನಿಂದ ಫೋನ್ ಬಂತು: ಜಿಲ್ಲೆಯ ಜನ ಏನನ್ನುತ್ತಾರೆ, ಫೋಟೊ ಸಮೇತ ಕಳಿಸಿ.

ಬ್ರೂಸ್‌ಪೇಟೆಯ ಎಣ್ಣೆ ವ್ಯಾಪಾರಿಯೊಬ್ಬರು ಖುಷಿಯಲ್ಲಿದ್ದರು. ಆ ಕಡೆಯಿಂದ ಸೂರ್ಯಕಾಂತಿ ಎಣ್ಣೆ ಬರುವುದು ಯುದ್ಧದಿಂದಾಗಿ ಏರುಪೇರಾಗಿತ್ತು. "ಇನ್ನ ಮಾಲು ಸಲೀಸಾಗಿ ಬರ್ತೈತಿ ಮೇಡಂ. ಶಾಂತಿ ಆದ್ರ ಎಲ್ಲಾರಿಗೂ ಚಲೋನ ಅಲ್ಲೇನ್ರಿ?" ಎಂದರು. ಸತ್ಯನಾರಾಯಣಪೇಟೆಯ ನಿವೃತ್ತ ಮೇಷ್ಟ್ರೊಬ್ಬರಿಗೆ ಸಿಟ್ಟು ಬಂದಿತ್ತು. "ಹೊಡದಾವನ ಕೈಗೇ ಊರು ಕೊಟ್ಟು ಶಾಂತಿ ಅಂತಾರಲ್ಲ, ನಾಳಿ ಇನ್ನೊಬ್ಬ ಹೊಡಿಯಾಕ ಬರಂಗಿಲ್ಲೇನು?" ಎಂದು ಕೇಳಿದರು. ಇಬ್ಬರದೂ ಬರೆದುಕೊಂಡೆ.

ಅಲ್ಲಿಂದ ಕುರುಗೋಡಿಗೆ ಹೋದೆ. ಡಾಕ್ಟರ್ ಪ್ರಶಾಂತ ಅಲ್ಲಿ ಸಣ್ಣ ಕ್ಲಿನಿಕ್ ಇಟ್ಟಿದ್ದಾನೆ. ಈಗ ಕೈಬಿಟ್ಟುಹೋದ ಸೀಮೆಯ ಊರೊಂದರಲ್ಲೇ ಅವನು ವೈದ್ಯಕೀಯ ಓದಿದ್ದು. ಯುದ್ಧ ಶುರುವಾದಾಗ, ಅವನು ಬಾಡಿಗೆಗಿದ್ದ ಮನೆಯ ಒಡತಿ ವೇರಾ ಅವನನ್ನು ನೆಲಮಾಳಿಗೆಯಲ್ಲಿ ಇರಿಸಿಕೊಂಡು, ತಾನು ಉಣ್ಣುವುದರಲ್ಲೇ ಪಾಲು ಕೊಟ್ಟು, ರೈಲು ಹತ್ತಿಸಿದ್ದಳು. ಆಮೇಲೆ ಅವಳ ಮಗ ಊರು ಕಾಯುವ ಕಾಳಗದಲ್ಲಿ ಸತ್ತ. ಪ್ರಶಾಂತ ಅವಳನ್ನು ಅಜ್ಜಿ ಅಂತಲೇ ಕರೆಯುತ್ತಾನೆ. "ಬೆಳಿಗ್ಗೆ ಫೋನ್ ಮಾಡಿದ್ದೆ ಮೇಡಂ. ಸಾಮಾನು ಕಟ್ಟಾಕತ್ತಾಳ. ಒಪ್ಪಂದದ ಮಾತು ಎತ್ತಿದ್ರ ಪಾತ್ರೆ ಲೆಕ್ಕ ಹೇಳ್ತಾಳ," ಎಂದ.

ಕೊನೆಗೆ ಸಿರುಗುಪ್ಪ. ಅಲ್ಲಿನ ಅಂಗನವಾಡಿ ಶಿಕ್ಷಕಿ ಶರಣಮ್ಮನ ತಮ್ಮ ವೀರೇಶ ಅಕ್ಕಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ತಾಯಿ ಇಲ್ಲದ ಹುಡುಗನನ್ನು ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ್ದಳು. ಏಜೆಂಟನೊಬ್ಬ ವಿದೇಶದ ಗೋದಾಮಿನಲ್ಲಿ ಕೆಲಸವೆಂದು ನಂಬಿಸಿ ಕರೆದೊಯ್ದ. ಅಲ್ಲಿ ಭಾಷೆ ಬಾರದ ಕಾಗದಕ್ಕೆ ಸಹಿ ಹಾಕಿಸಿಕೊಂಡು, ದಾಳಿ ಮಾಡಿದ ಸೈನ್ಯದ ಸಮವಸ್ತ್ರ ತೊಡಿಸಿದರು. ಅವನು ಸತ್ತ ಸುದ್ದಿ ಬಂತು, ಶವ ಬರಲಿಲ್ಲ.

ನಾನು ಹೋದಾಗ ಶರಣಮ್ಮ ಟಿ.ವಿ. ಆರಿಸಿದಳು. "ಸತ್ತವರನ್ನ ವಾಪಸ್ ಕೊಡ್ತಾರಂತ ಸುದ್ಯಾಗ ಹೇಳಿದ್ರು. ನಮ್ಮ ವೀರೇಶಂದು ಬರ್ತೈತೇನ್ರಿ ಅಕ್ಕಾರ?"

ಒಪ್ಪಂದದ ಆ ಕಲಮು ಓದಿಯೇ ಬಂದಿದ್ದೆ. ಎರಡೂ ದೇಶಗಳು ತಂತಮ್ಮ ಪ್ರಜೆಗಳ ಶವಗಳನ್ನು ಮಾತ್ರ ಅದಲುಬದಲು ಮಾಡಿಕೊಳ್ಳಬೇಕಿತ್ತು. ಹೊರದೇಶದವರ ಮಾತೇ ಅದರಲ್ಲಿರಲಿಲ್ಲ. ಇದ್ದದ್ದನ್ನು ಹೇಳಿದೆ. ಆಕೆ ಅಳಲಿಲ್ಲ. "ಅವರ ಸಲುವಾಗಿ ಸತ್ತಾನ, ಆದ್ರೂ ಅವರವ ಅಲ್ಲ ಅಂತಾರೇನು?" ಎಂದಷ್ಟೇ ಕೇಳಿದಳು. ಆಮೇಲೆ, ಜೊತೆಗಿದ್ದು ಬದುಕಿ ಬಂದ ಹುಡುಗನೊಬ್ಬ ಹೇಳಿದ್ದೆಂದು, ವೀರೇಶ ಬಿದ್ದ ಊರಿನ ಹೆಸರು ಹೇಳಿದಳು. ಅದು ವೇರಾಳ ಊರು.

ನಾನು ಗಲಿಬಿಲಿಗೊಂಡದ್ದು ಆಕೆಗೆ ಕಂಡಿತು. "ಆ ಊರಾಗ ಗುರುತಿನವರು ಯಾರಾದ್ರೂ ಅದಾರೇನ್ರಿ? ಅವನನ್ನ ಎಲ್ಲಿ ಮಣ್ಣು ಮಾಡ್ಯಾರ ಅಂತ ಗೊತ್ತಾದ್ರೂ ಸಾಕ್ರಿ." ವೇರಾ ಊರು ಬಿಟ್ಟಳೆಂದರೆ ಕೇಳಲು ಅಲ್ಲಿ ನಮಗೆ ಯಾರೂ ಉಳಿಯುತ್ತಿರಲಿಲ್ಲ. ಪ್ರಶಾಂತನಿಗೆ ಫೋನ್ ಮಾಡಿದೆ. ವೀರೇಶ ಯಾವ ಸೈನ್ಯದಲ್ಲಿದ್ದನೆಂದು ಎರಡು ಸಲ ಕೇಳಿದ ಅವನು. ಕೊನೆಗೆ, "ಕೇಳಿ ನೋಡ್ತೀನ್ರಿ," ಎಂದ.

ಮರುದಿನ ಮಧ್ಯಾಹ್ನ ಅವನೇ ಸಿರುಗುಪ್ಪಕ್ಕೆ ಬಂದು, ಶರಣಮ್ಮನ ಪಕ್ಕ ಕೂತು ವಿಡಿಯೊ ಕರೆ ಮಾಡಿದ. ಪರದೆಯಲ್ಲಿ ಪಾತ್ರೆ ತುಂಬಿದ ರಟ್ಟಿನ ಪೆಟ್ಟಿಗೆಗಳು, ನಡುವೆ ತಲೆಗೆ ಬಟ್ಟೆ ಕಟ್ಟಿದ ಮುದುಕಿ. ಪ್ರಶಾಂತನನ್ನು ನೋಡಿ ಮುಖ ಅರಳಿತು. ಅವನು ಅವಳ ಭಾಷೆಯಲ್ಲಿ ನಿಧಾನವಾಗಿ ವಿಷಯ ಹೇಳಿದ. ಶರಣಮ್ಮ ತಮ್ಮನ ಫೋಟೊ ಎತ್ತಿ ಹಿಡಿದಳು. ವೇರಾ ಒಂದೇ ಪ್ರಶ್ನೆ ಕೇಳಿದಳು. ಯಾವ ಸೈನ್ಯ ಎಂದು ಕೇಳುತ್ತಿದ್ದಾಳೆಂಬುದು ಅನುವಾದವಿಲ್ಲದೆಯೂ ನಮಗೆ ತಿಳಿಯಿತು. ಪ್ರಶಾಂತ ಸುಳ್ಳು ಹೇಳಲಿಲ್ಲ.

ಮುದುಕಿ ಬಹಳ ಹೊತ್ತು ಫೋಟೊ ನೋಡಿದಳು. ಆಮೇಲೆ ಮೆಲ್ಲಗೆ ಏನೋ ಹೇಳಿ ಕರೆ ಕತ್ತರಿಸಿದಳು.

ಪ್ರಶಾಂತ ತಲೆ ತಗ್ಗಿಸಿದ್ದ. "ಏನಂದ್ಳಪ್ಪಾ, ಇದ್ದಂಗ ಹೇಳು," ಎಂದಳು ಶರಣಮ್ಮ.

"ಇವನ ಮ್ಯಾಲೆ ನನಗ ಸಿಟ್ಟಿಲ್ಲ, ಆದ್ರ ಇವನನ್ನ ಹುಡುಕಾಕ ನನ್ನ ಕಾಲು ಏಳಂಗಿಲ್ಲ ಅಂದ್ಳು ಅಕ್ಕಾ."

ಶರಣಮ್ಮ ಫೋಟೊದ ಗಾಜನ್ನು ಸೆರಗಿನಿಂದ ಒರೆಸಿದಳು. "ಆಕಿ ಹೇಳೂದು ಖರೆ ಐತಿ. ಮೋಸ ಹೋಗೇ ಹೋಗ್ಯಾನ, ಆದ್ರೂ ಬಂದೂಕು ಹಿಡಕೊಂಡು ಹೋಗಿದ್ದು ಆಕಿ ಊರಿಗೇ ಅಲ್ಲೇನು? ನೀನು ಬ್ಯಾಸರ ಮಾಡ್ಕೋಬ್ಯಾಡಪ್ಪಾ, ಊಟ ಮಾಡಿ ಹೋಗು." ಅವನು ಅತ್ತುಬಿಟ್ಟ. ಆಕೆಯೇ ಅವನ ಬೆನ್ನು ಸವರಿದಳು.

ಪತ್ರಿಕೆಯಲ್ಲಿ ಎಣ್ಣೆ ವ್ಯಾಪಾರಿ, ಮೇಷ್ಟ್ರು ಇಬ್ಬರ ಮಾತೂ ಫೋಟೊ ಸಮೇತ ಬಂದವು. ಸಿರುಗುಪ್ಪದ ಭಾಗ ಜಾಗವಿಲ್ಲವೆಂದು ಬಿಟ್ಟುಹೋಯಿತು. ಡೆಸ್ಕಿನವರೊಂದಿಗೆ ಜಗಳವಾಡಿದೆ. ವೀರೇಶನದು ಬೇರೆ ಸುದ್ದಿ, ಒಪ್ಪಂದಕ್ಕೆ ಪ್ರತಿಕ್ರಿಯೆ ಅಲ್ಲ ಎಂದರು. ಕೊನೆಗೆ ಅದನ್ನು ಪ್ರತ್ಯೇಕ ವರದಿಯಾಗಿ ಬರೆದೆ, ಜಿಲ್ಲಾ ಪುಟದಲ್ಲಿ ಬಂತು. ಅದನ್ನಿಟ್ಟುಕೊಂಡು ಶರಣಮ್ಮ ದೆಹಲಿಯ ವಿದೇಶಾಂಗ ಇಲಾಖೆಗೆ ಅರ್ಜಿ ಹಾಕಿದಳು. ವಿಚಾರಿಸುತ್ತಿದ್ದೇವೆಂಬ ಉತ್ತರ ಬಂತು.

ಕೆಲವು ವಾರ ಕಳೆದು ಪ್ರಶಾಂತ ಫೋನ್ ಮಾಡಿದ. ವೇರಾ ಊರು ಬಿಟ್ಟಿದ್ದಳು. ಹೋಗುವಾಗ ಮಗನ ಗೋರಿ ಅಗೆಸಿ, ಶವಪೆಟ್ಟಿಗೆಯನ್ನು ವ್ಯಾನಿನಲ್ಲಿ ಇಟ್ಟುಕೊಂಡು ಹೊಸ ಗಡಿ ದಾಟಿದ್ದಳು. ಅವನನ್ನು ಆ ಮಣ್ಣಿನಲ್ಲಿ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲವಂತೆ. ಬೇರೊಂದು ವರದಿಗೆ ಸಿರುಗುಪ್ಪಕ್ಕೆ ಹೋದಾಗ ಶರಣಮ್ಮನಿಗೆ ಇದನ್ನು ಹೇಳಿದೆ. ಅಂಗನವಾಡಿಯ ಮಕ್ಕಳಿಗೆ ಊಟ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು.

"ಒಳ್ಳೇದು ಮಾಡಿದ್ಳು," ಎಂದಳು. ಆಮೇಲೆ, "ಒಯ್ಯಾಕರ ಏನೋ ಇತ್ತಲ್ರಿ ಆಕಿಗೆ," ಎಂದು ಮುಂದಿನ ತಟ್ಟೆಗೆ ಬಾಗಿದಳು.

ಯಾವ ಒಪ್ಪಂದದ ಸುದ್ದಿ ಬಂದರೂ, ಅದರಲ್ಲಿ ಯಾರನ್ನು ಬಿಟ್ಟಿದ್ದಾರೆ ಎಂದು ಮೊದಲು ಹುಡುಕುವುದನ್ನು ಆ ವರ್ಷದ ಕೆಲಸ ನನಗೆ ಕಲಿಸಿತು. ವೀರೇಶನ ಬಗ್ಗೆ ಇವತ್ತಿನವರೆಗೂ ಯಾವ ದೇಶವೂ ಏನೂ ತಿಳಿಸಿಲ್ಲ.