ಐದು ಸ್ಟಾರ್ ಕೊಟ್ಟವರ ದೂರು

ಬೈಗುಳ ಓದುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಬೆಳ್ಳಂದೂರಿನ ಒಂದು ಟೆಕ್ ಪಾರ್ಕಿನಲ್ಲಿ, ಏಸಿ ಜಾಸ್ತಿಯಾಗಿ ಎಲ್ಲರೂ ಸ್ವೆಟರ್ ಹಾಕಿಕೊಂಡೇ ಕೂರುವ ಮಹಡಿಯಲ್ಲಿ, ವಿಡಿಯೋ ಗೇಮ್ ಆಡಿದವರು ಬರೆದ ಅಭಿಪ್ರಾಯಗಳನ್ನು ಓದಿ ವಿಂಗಡಿಸುವುದು ನಮ್ಮ ತಂಡದ ಕೆಲಸ. ಗೇಮ್ ಮಾಡಿದವರು ಬೇರೆ ದೇಶದಲ್ಲಿದ್ದಾರೆ. ಅವರಿಗೆ ಎಲ್ಲವನ್ನೂ ಓದಲು ಪುರುಸೊತ್ತಿಲ್ಲ. ನಾವು ಓದಿ, ಸಾರ ತೆಗೆದು ಕಳಿಸುತ್ತೇವೆ. ನಾನಾಗಿ ಒಂದು ಗೇಮನ್ನೂ ನೆಟ್ಟಗೆ ಆಡಿದವಳಲ್ಲ.

ಆಡುವವರು ನಮ್ಮ ಮನೆಯಲ್ಲಿದ್ದಾರೆ. ನನ್ನ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ಡಿಸೈನ್ ಮಾಡುತ್ತಿದ್ದವರು. ಲಕ್ವ ಹೊಡೆದು ಎಡಗೈ ಸೋತುಹೋಯಿತು. ಮಾತು ಉಳಿಯಿತು, ಬುದ್ಧಿ ಉಳಿಯಿತು, ಕಾಲೂ ನಿಧಾನವಾಗಿ ದಾರಿಗೆ ಬಂತು. ದೇವರು ದೊಡ್ಡವನು ಎಂದು ನೋಡಲು ಬಂದವರೆಲ್ಲ ಹೇಳಿ, ಚಹಾ ಕುಡಿದು ಹೋದರು. ಅಷ್ಟು ದೊಡ್ಡವನಾಗಿದ್ದರೆ ಆ ಕೈಯನ್ನೂ ಬಿಟ್ಟುಬಿಡಬಹುದಿತ್ತಲ್ಲ ಎಂದು ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಅವರು ಮಾತ್ರ ವರ್ತೂರಿನ ನಮ್ಮ ಬಾಡಿಗೆ ಮನೆಯ ಕಿಟಕಿಯ ಪಕ್ಕ ಕೂತು, ಎದುರಿಗೆ ಏಳುತ್ತಿದ್ದ ಅಪಾರ್ಟ್‌ಮೆಂಟನ್ನು ನೋಡುತ್ತಾ ಮೌನವಾಗಿಬಿಟ್ಟಿದ್ದರು.

ಆಗ ಆಫೀಸಿನಲ್ಲಿ ನಮಗೆಲ್ಲ ಪುಕ್ಕಟೆ ಕೊಟ್ಟಿದ್ದ ಒಂದು ಗೇಮನ್ನು ಮನೆಗೆ ತಂದೆ. ಪಾಳುಬಿದ್ದ ದೊಡ್ಡ ಇಗರ್ಜಿಗಳು, ಬಿಡದೆ ಕವಿದ ಮಂಜು, ಗೋರಿಯಿಂದ ಎದ್ದು ಬರುವ ರಾಜರು, ಇವರೆಲ್ಲರ ನಡುವೆ ಕಪ್ಪು ನಿಲುವಂಗಿ ತೊಟ್ಟು ಉದ್ದ ಕತ್ತಿ ಹಿಡಿದ ಒಬ್ಬ ಒಂಟಿ ಮನುಷ್ಯ. ಇಂಥದಕ್ಕೆ ಗೋಥಿಕ್ ಎನ್ನುತ್ತಾರಂತೆ. ನನಗೆ ನೋಡಿದರೇ ಮಂಕು ಬಡಿಯುತ್ತದೆ. ಇವರಿಗೆ ಹಿಡಿಸಿತು. ಆ ಆಟದಲ್ಲಿ, ಎರಡೂ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನ ಮೇಲೆ, ಬಲಗೈಯ ಗುಂಡಿಗಳಿಂದ ಹೊಡೆಯಬೇಕು, ಎಡಗೈಯ ತೋರುಬೆರಳಿನಿಂದ ಗುಂಡಿ ಒತ್ತಿ ಎದುರಾಳಿಯ ಏಟು ತಡೆಯಬೇಕು. ಇವರ ಎಡಗೈಯ ಹೆಬ್ಬೆರಳು ಆಟದ ಮನುಷ್ಯನನ್ನು ನಡೆಸುವ ಕಡ್ಡಿಯನ್ನು ಹೇಗೋ ತಳ್ಳುವಷ್ಟು ಚೇತರಿಸಿಕೊಂಡಿತ್ತು. ತೋರುಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಪುಣ್ಯಕ್ಕೆ ಆ ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಒಂದು ಸೌಲಭ್ಯವಿತ್ತು: ತಡೆಯುವ ಕೆಲಸವನ್ನು ಗೇಮಿಗೇ ಬಿಟ್ಟು, ಹೊಡೆಯುವುದನ್ನಷ್ಟೇ ನಾವು ನೋಡಿಕೊಳ್ಳಬಹುದು.

ಆ ಒಂದು ಸೌಲಭ್ಯದಿಂದ ನನ್ನ ಗಂಡ ನನಗೆ ವಾಪಸ್ ಸಿಕ್ಕರು ಎಂದರೆ ಉತ್ಪ್ರೇಕ್ಷೆಯಲ್ಲ. ಕೂಗಾಟ, ನಗು, "ಒಂದು ಕಾಫಿ ಕೊಡೇ, ರಾಜನ್ನ ಮಲಗಿಸಿ ಬರ್ತೀನಿ" ಎನ್ನುವ ತಮಾಷೆ ಎಲ್ಲ ಶುರುವಾಯಿತು. ಕೆಳಗಿನ ಮನೆಯ ಓನರ್ ಅಮ್ಮ ಒಂದು ದಿನ ಮೆಟ್ಟಿಲ ಬಳಿ ನಿಲ್ಲಿಸಿ, "ಅಲ್ಲ ಕಣವ್ವ, ನಿಮ್ ಯಜಮಾನ್ರು ಒಬ್ರೇ ಇದ್ದಾಗ ಯಾರ್ ಮ್ಯಾಲೆ ಅಂಗೆ ಕೂಗಾಡ್ತಾರೆ?" ಎಂದು ಕೇಳಿದರು. ಗೋರಿಯಿಂದ ಎದ್ದು ಬಂದವರ ಮೇಲೆ ಎಂದೆ. ಮಾರನೆಯ ದಿನ ಮಂತ್ರಿಸಿದ ನಿಂಬೆಹಣ್ಣು ತಂದು ನನ್ನ ಕೈಗಿಟ್ಟರು.

ಎರಡನೇ ಭಾಗ ಬರುತ್ತದೆಂದು ಗೊತ್ತಾದಾಗ ಇವರು ಹಬ್ಬಕ್ಕೆ ಕಾಯುವಂತೆ ಕಾದರು. ಬಂತು. ಸೆಟ್ಟಿಂಗ್ಸ್ ತೆರೆದು ಮೇಲಿಂದ ಕೆಳಗೆ ಹುಡುಕಿದರು. ಆ ಸೌಲಭ್ಯ ಇರಲಿಲ್ಲ.

ಯಾಕಿಲ್ಲ ಎಂಬುದು ನನಗೆ ಗೊತ್ತಿತ್ತು. ಮೊದಲ ಭಾಗ ಆಡಿದ ಗಟ್ಟಿಗರು, ಇದು ಕೂಸುಗಳ ಆಟ, ಗೇಮೇ ತಡೆದುಕೊಟ್ಟರೆ ನಾವು ಗೆದ್ದಿದ್ದಕ್ಕೆ ಏನು ಬೆಲೆ ಎಂದು ಸಾಲು ಸಾಲಾಗಿ ಬರೆದಿದ್ದರು. ಅವು ನಮ್ಮ ಮಹಡಿಯಿಂದಲೇ ಗೇಮ್ ಮಾಡಿದವರಿಗೆ ಹೋಗಿದ್ದವು. ಆ ಗಟ್ಟಿಗರ ಪಕ್ಕದಲ್ಲಿ ಯಾರೋ ಒಬ್ಬರು ಸುಲಭವಾಗಿ ಆಡಿದರೆ ಅವರ ಗೆಲುವಿಗೆ ಏನು ಕುತ್ತು ಬರುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಮ್ಮ ಯಜಮಾನರು ಗುಂಡಿಗಳನ್ನು ಬದಲಾಯಿಸಿಕೊಂಡೂ ನೋಡಿದರು. ಬಲಗೈಯೊಂದೇ ಹೊಡೆಯುವುದನ್ನೂ ತಡೆಯುವುದನ್ನೂ ಮಾಡಹೋಗಿ ಎರಡೂ ಕೆಟ್ಟವು. ಕೊನೆಗೆ ನಾನೇ ಪಕ್ಕದಲ್ಲಿ ಒತ್ತಿಕೊಂಡು ಕೂತು, ಆ ಎಡಗಡೆಯ ಗುಂಡಿಯ ಮೇಲೆ ನನ್ನ ಬೆರಳಿಟ್ಟೆ. ಮೊದಲ ಸೇತುವೆಯ ಮೇಲೆ ನಿಂತ, ಗಂಟೆಯನ್ನೇ ಗದೆಯ ಹಾಗೆ ಬೀಸುವ ಒಬ್ಬ ರಾಕ್ಷಸ. ಇವರು "ಈಗ!" ಎನ್ನುತ್ತಾರೆ, ನಾನು ಒತ್ತುವಷ್ಟರಲ್ಲಿ ನಮ್ಮ ಮನುಷ್ಯ ನದಿಗೆ ಬಿದ್ದಿರುತ್ತಾನೆ. ಬೇಗ ಒತ್ತಿದರೂ ಸಾವು, ತಡವಾದರೂ ಸಾವು. ಅವರು ಒಮ್ಮೆಯೂ ಗದರಲಿಲ್ಲ. ನನ್ನ ಬೆರಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, "ಬಿಡು ಕಣೇ, ಇದು ನಿನ್ ಕೈಯಲ್ಲಿ ಆಗೋದಲ್ಲ. ನಂದೇ ಕೈ ಬೇಕು" ಎಂದರು. ನಾನು ಎದ್ದು ಹೋಗಿ ಬಚ್ಚಲಲ್ಲಿ ಅತ್ತೆ.

ಆಮೇಲೆ ಅವರೇ ಒಂದು ದಾರಿ ಕಂಡುಕೊಂಡರು. ಗೇಮಿನ ಪುಟದಲ್ಲಿ ಅಭಿಪ್ರಾಯ ಬರೆಯುವುದು. ಡ್ರಾಯಿಂಗ್ ಸರಿಪಡಿಸಿದ ಹಾಗೆ ತಿದ್ದಿ ತೀಡಿ ಇಂಗ್ಲಿಷಿನಲ್ಲಿ ಬರೆದು, ಕಳಿಸಿದ ಮೇಲೆ ನನಗೆ ತೋರಿಸಿದರು. ಶುರುವಿಗೆ ಹೊಗಳಿಕೆ: ಕತ್ತಿಯ ತೂಕ ಕೈಗೆ ಗೊತ್ತಾಗುತ್ತದೆ, ಇಂಥ ಕಾಳಗವನ್ನು ನಾನು ಬೇರೆಲ್ಲೂ ಆಡಿಲ್ಲ, ಮಾಡಿದವರಿಗೆಲ್ಲ ನಮಸ್ಕಾರ. ಅದಾದ ಮೇಲೆ ತನ್ನ ಕೈಯ ಕಥೆ, ಆ ಸೌಲಭ್ಯವನ್ನು ದಯವಿಟ್ಟು ಮತ್ತೆ ಕೊಡಿ ಎಂಬ ಕೋರಿಕೆ. ಮೇಲ್ಗಡೆ ಐದು ಸ್ಟಾರ್.

"ಐದ್ಯಾಕ್ರೀ ಕೊಟ್ರಿ?" ಎಂದು ಕಿರುಚಿಯೇಬಿಟ್ಟೆ.

"ಮತ್ತಿನ್ನೆಷ್ಟು ಕೊಡೋದು? ಪಾಪ, ಅಷ್ಟೊಂದ್ ಜನ ಕೂತು ಮಾಡಿದಾರೆ."

ನಮ್ಮವರ ಚಾಳಿಯೇ ಇದು. ಆಟೋದವನು ದಾರಿ ತಪ್ಪಿಸಿದರೂ ಐದು, ಡೆಲಿವರಿ ಹುಡುಗ ತಂದ ಸಾಂಬಾರ್ ದಾರಿಯಲ್ಲೇ ಚೆಲ್ಲಿದ್ದರೂ ಐದು. ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಬಾರದೆಂಬ ಅಂಜಿಕೆ. ಆದರೆ ನಮ್ಮ ಆಫೀಸಿನ ಯಂತ್ರಕ್ಕೆ ಈ ಮರ್ಯಾದೆ ತಿಳಿಯುವುದಿಲ್ಲ. ಸ್ಟಾರ್ ನೋಡಿ ಅದೇ ಮೊದಲು ಬೇರ್ಪಡಿಸುತ್ತದೆ. ಒಂದು, ಎರಡು ಕೊಟ್ಟವರ ಮಾತು ನಮ್ಮ ಕಣ್ಣಿಗೆ ಬರುತ್ತದೆ. ಐದು ಕೊಟ್ಟವರು ತೃಪ್ತರು. ಅವರ ಮಾತನ್ನು ಯಾರೂ ಓದುವುದಿಲ್ಲ. ಇಂಟರ್ನೆಟ್ ನಿಧಾನವಾಯಿತೆಂದು ಒಂದು ಸ್ಟಾರ್ ಕೊಟ್ಟವನ ಸಿಟ್ಟನ್ನು ನಾನು ಓದಿ ಮೇಲೆ ಕಳಿಸಿದ್ದೇನೆ. ಕತ್ತಿ ಹಗುರವಾಯಿತು ಎಂದವನದನ್ನೂ, ಅದೇ ಕತ್ತಿ ವಿಪರೀತ ಭಾರ ಎಂದವನದನ್ನೂ ಕಳಿಸಿದ್ದೇನೆ. ನನ್ನ ಗಂಡನದನ್ನು ಕಳಿಸುವ ಹಾಗಿರಲಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿ, ಒಂದು ಸ್ಟಾರ್‌ಗೆ ಇಳಿಸಿ ಎಂದು ಬೇಡಿಕೊಂಡೆ. "ಹೊಗಳಿಬಿಟ್ಟು ಒಂದ್ ಕೊಟ್ರೆ ನನ್ನೇ ಹುಚ್ಚ ಅಂತಾರೆ. ಓದೋರು ಓದೇ ಓದ್ತಾರೆ" ಎಂದರು.

ನಾಚಿಕೆ ಬಿಟ್ಟು ನಮ್ಮ ಟೀಮ್ ಲೀಡ್ ಬಳಿ ಹೋದೆ. ನನಗಿಂತ ಚಿಕ್ಕವರು, ಒಳ್ಳೆಯವರು. ಪೂರ್ತಿ ಓದಿದರು, ಅವರ ಕಣ್ಣೂ ಒದ್ದೆಯಾಯಿತು. "ಮೇಡಂ, ಫೈವ್ ಸ್ಟಾರ್‌ನ ಕಂಪ್ಲೇಂಟ್‌ಗೆ ಹಾಕೋಕೆ ಸಿಸ್ಟಮ್ ಬಿಡಲ್ಲ. ಆದ್ರೆ ನಾನೇ ಇದನ್ನ ಸ್ಪೆಷಲ್ ಆಗಿ ಗೇಮ್ ಮಾಡಿದೋರಿಗೆ ಕಳಿಸ್ತೀನಿ, ಬಿಡಿ" ಎಂದರು. ಮಾತಿಗೆ ತಪ್ಪದೆ ಕಳಿಸಿದರು ಕೂಡ.

ಗೇಮ್ ಮಾಡಿದವರು ಓದಿದರು. ಮುಂದಿನ ವಾರ ಗೇಮಿನ ಪುಟದಲ್ಲಿ, ಇಗರ್ಜಿಯ ಗೋಪುರದ ಚಿತ್ರದ ಮೇಲೆ ದೊಡ್ಡ ಅಕ್ಷರಗಳಲ್ಲಿ ನನ್ನ ಗಂಡನ ಮಾತು ಬಂತು. "ಕತ್ತಿಯ ತೂಕ ಕೈಗೆ ಗೊತ್ತಾಗುತ್ತದೆ. ಇಂಥ ಕಾಳಗವನ್ನು ನಾನು ಬೇರೆಲ್ಲೂ ಆಡಿಲ್ಲ." ಅಷ್ಟೇ. ಕೆಳಗೆ ಐದು ಸ್ಟಾರ್ ಹೊಳೆಯುತ್ತಿದ್ದವು. ಆಡಲಾಗದವನ ಮಾತನ್ನೇ ಕತ್ತರಿಸಿ ಆಟ ಮಾರಲು ಹಚ್ಚಿದ್ದರು. ಆಫೀಸಿನ ಕುರ್ಚಿಯಲ್ಲಿ ಕೂತಲ್ಲೇ ನನ್ನ ಮೈಯೆಲ್ಲ ಉರಿಯಿತು. ಟೀಮ್ ಲೀಡ್ ಬಂದು, "ಸಾರಿ ಮೇಡಂ, ನಾನು ಹಿಂಗಾಗುತ್ತೆ ಅಂದ್ಕೊಂಡಿರ್ಲಿಲ್ಲ" ಎಂದರು. ಅವರನ್ನು ಬೈದು ಏನು ಪ್ರಯೋಜನ? ಆ ಸೌಲಭ್ಯದ ವಿಚಾರ ಇನ್ನು ಚರ್ಚೆಗಿಲ್ಲ, ನಮ್ಮದು ಕಷ್ಟದ ಆಟ, ಅದೇ ಅದರ ಹೆಮ್ಮೆ ಎಂದು ಅಲ್ಲಿಂದ ಬಂದ ಉತ್ತರವನ್ನೂ ತೋರಿಸಿದರು.

ಸಂಜೆ ವರ್ತೂರು ಕೋಡಿಯ ಟ್ರಾಫಿಕ್‌ನಲ್ಲಿ ಬಸ್ಸು ನಿಂತೇ ಇತ್ತು. ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸಿಕೊಂಡು ಬಂದೆ. ಬಾಗಿಲು ತೆಗೆದವರ ಮುಖ ನೋಡಿದೊಡನೆ ಎಲ್ಲವೂ ಮರೆತುಹೋದವು. ಅವರು ಆ ಪುಟವನ್ನು ನನಗಿಂತ ಮೊದಲೇ ನೋಡಿದ್ದರು. ಅಣ್ಣನಿಗೆ, ಕಾರ್ಖಾನೆಯ ಹಳೆಯ ಗೆಳೆಯರಿಗೆ, ಕೆಳಗಿನ ಓನರ್ ಅಮ್ಮನಿಗೆ ಸಹ ತೋರಿಸಿಯಾಗಿತ್ತು.

"ನೋಡಿದ್ಯೇನೇ? ಓದಲ್ಲ ಅಂತಿದ್ದೆ!"

"ನೋಡ್ದೆ ರೀ."

"ಜಾಗ ಸಾಲದೆ ಅರ್ಧ ಹಾಕಿದಾರೆ. ಆದ್ರೆ ಮೇಲಿಂದು ಓದಿದೋರು ಕೆಳಗಿಂದು ಓದದೆ ಇರ್ತಾರಾ?"

ನಾನು ಚಪ್ಪಲಿ ಬಿಚ್ಚುವ ನೆವದಲ್ಲಿ ತಲೆ ತಗ್ಗಿಸಿದೆ. ಅವರು ದನಿ ಇಳಿಸಿ ಕೇಳಿದರು: "ನೀನು ದಿನಾ ಓದ್ತೀಯಲ್ಲ, ನನ್ ಥರ ಇನ್ನೂ ಯಾರಾದ್ರೂ ಬರ್ದಿದಾರಾ?"

ಅವತ್ತು ಆಫೀಸಿನಲ್ಲಿ ಟೀಮ್ ಲೀಡ್‌ರ ಅನುಮತಿ ಕೇಳಿ, ಐದು ಸ್ಟಾರ್ ಕೊಟ್ಟ ಆ ತೃಪ್ತರ ರಾಶಿಯನ್ನು ನಾನು ತೆರೆದು ನೋಡಿದ್ದೆ. ಕಣ್ಣು ಮಂಜಾದವರಿದ್ದರು, ಬೆರಳು ಕಳೆದುಕೊಂಡವರಿದ್ದರು, ಕೈ ನಡುಗುವ ಅಪ್ಪನ ಪರವಾಗಿ ಬರೆದ ಮಗಳಿದ್ದಳು. ಎಲ್ಲರೂ ಮೊದಲು ಹೊಗಳಿ, ಆಮೇಲೆ ಕೇಳಿಕೊಂಡಿದ್ದರು.

"ಇದಾರೆ ರೀ. ತುಂಬಾ ಜನ ಇದಾರೆ" ಎಂದೆ. ಅದು ಸುಳ್ಳಲ್ಲ.

"ಹಾಗಾದ್ರೆ ಮುಗೀತು ಬಿಡು. ಇಷ್ಟ್ ಜನ ಕೇಳಿದ ಮೇಲೆ ಕೊಡದೆ ಎಲ್ಲಿಗೆ ಹೋಗ್ತಾರೆ? ಅಲ್ಲೀವರೆಗೂ ಈ ಬೆರಳಿಗೆ ಸ್ವಲ್ಪ ಅಭ್ಯಾಸ ಮಾಡಿಸ್ತಿರ್ತೀನಿ" ಎಂದು ಅವರು ಟಿವಿಯ ಮುಂದೆ ಕೂತು, ಬಲಗೈಯಿಂದ ಎಡಗೈಯ ತೋರುಬೆರಳನ್ನು ಎತ್ತಿ ಗುಂಡಿಯ ಮೇಲೆ ಇಟ್ಟುಕೊಂಡರು. ಅದು ಜಾರಿತು. ಮತ್ತೆ ಎತ್ತಿ ಇಟ್ಟುಕೊಂಡರು.