ಆಷಾಢದಲ್ಲಿ ಮನೆಗೆ ಬಂದ ಆಟ

ಹೊಸ ವಿಡಿಯೋ ಗೇಮ್ ಬಿಡುಗಡೆಯಾದ ದಿನವೇ ಪೂರ್ತಿ ದುಡ್ಡು ಸುರಿದು ಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅದು ಬರೀ ಹೊಟ್ಟೆಕಿಚ್ಚು ಎಂದು ಯಾರಾದರೂ ಹೇಳಿದರೆ ಜಗಳಕ್ಕೇನೂ ಹೋಗುವುದಿಲ್ಲ, ಸ್ವಲ್ಪ ಇರಲೂಬಹುದು. ಆದರೆ ಎರಡು ತಿಂಗಳು ತಡೆದರೆ, ಆಡಿ ಮುಗಿಸಿದವರು ತಮ್ಮ ಸಿ.ಡಿ.ಯನ್ನು ಅಂಗಡಿಗೆ ವಾಪಸ್ ಮಾರುತ್ತಾರೆ, ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಹಬ್ಬದ ತನಕ ತಡೆದರೆ ಹೊಸದರ ಬೆಲೆಯೇ ಇಳಿಯುತ್ತದೆ. ಅಷ್ಟರಲ್ಲಿ ಆಟ ತಯಾರಿಸಿದವರು ಅದರಲ್ಲಿದ್ದ ತಪ್ಪುಗಳನ್ನೂ ತಿದ್ದಿರುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಮೊದಲ ದಿನವೇ ಅಂಗಡಿಗೆ ಓಡುವವರಿಗೆ ಏನು ಹೇಳುವುದು?

ಈ ವಿಷಯದಲ್ಲಿ ನನ್ನನ್ನು ಮೀರಿಸಿದವರು ಒಬ್ಬರೇ. ಬಿ.ಟಿ.ಎಂ. ಲೇಔಟಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಆಂಟಿ.

ನಾನು ಗದಗದ ಕಡೆಯವಳು. ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಆಂಟಿಯ ಮೊದಲ ಮಹಡಿಯಲ್ಲಿ ಸೇರಿಕೊಂಡೆ. ಕೆಳಗೆ ಅವರು ಮತ್ತು ಅಂಕಲ್. ಅವರದು ಲೇಔಟ್ ಬರುವುದಕ್ಕೆ ಮುಂಚಿನ ಊರಿನ ಮನೆತನ. ಆಂಟಿ ಮದುವೆಯಾಗಿ ಬಂದಾಗ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸಾಲು ಮನೆಗಳಿವೆ, ಆ ಬೀದಿಯ ಅರ್ಧದಷ್ಟು ಜನ ಅವರ ಓರಗಿತ್ತಿಯರು, ನಾದಿನಿಯರು, ಅವರ ಮಕ್ಕಳು. ಮಾತಿಗೆ ಜನ ಬೇಕೆಂದರೆ ಗೇಟಿನ ಹತ್ತಿರ ನಿಂತರೆ ಸಾಕಿತ್ತು. ಹಾಗಾಗಿ ಬೇಸರ ಕಳೆಯಲೆಂದು ಅವರು ನನ್ನ ಜೊತೆ ಗೇಮ್ ಆಡುತ್ತಿದ್ದರೆಂದು ಯಾರೂ ತಿಳಿಯಬಾರದು. ಆಡಲು ಇಷ್ಟವಿತ್ತು, ಆಡುತ್ತಿದ್ದರು.

ಶುರುವಾದದ್ದು ನನ್ನ ಟಿ.ವಿ. ಕೆಟ್ಟದ್ದರಿಂದ. ಹೊಸ ಟಿ.ವಿ. ತರುತ್ತೇನೆಂದು ಹೊರಟವಳನ್ನು ಆಂಟಿ ಮೆಟ್ಟಿಲ ಮೇಲೆಯೇ ತಡೆದರು. ಹಬ್ಬಕ್ಕೆ ಹೊಸ ಮಾಡೆಲ್ ಬಂದರೆ ಹಳೆಯದರ ರೇಟು ಬೀಳುತ್ತದೆ, ಈಗ ತಗೊಳ್ಳುವವರು ದಡ್ಡರು, ಅಲ್ಲಿಯವರೆಗೆ ನಿನ್ನ ಡಬ್ಬಿ ಕೆಳಗೆ ತಂದು ನಮ್ಮ ಟಿ.ವಿ.ಗೆ ಹಾಕಿಕೋ ಎಂದರು. ಡಬ್ಬಿ ಎಂದರೆ ನನ್ನ ಗೇಮಿನ ಕನ್ಸೋಲ್. ನಾನು ಸಂಕೋಚದಿಂದ ಒಂದು ಮೂಲೆಯಲ್ಲಿ ಕೂತು ಆಡುತ್ತಿದ್ದರೆ, ಅವರು ಹುರುಳಿಕಾಯಿ ನಾರು ತೆಗೆಯುತ್ತಾ ನೋಡುತ್ತಿದ್ದರು. ಕೆಲವು ಸಂಜೆ ಕಳೆದ ಮೇಲೆ, ಡಬ್ಬಿಯ ಇನ್ನೊಂದು ರಿಮೋಟು ಸುಮ್ಮನೆ ಬಿದ್ದಿದೆಯಲ್ಲ, ಅದು ಯಾರಿಗೆ ಎಂದು ಕೇಳಿದರು.

ಆಗ ನನ್ನ ಹತ್ತಿರ ಇಬ್ಬರೇ ಆಡಬೇಕಾದ ಒಂದು ಆಟವಿತ್ತು. ಕೆಂಪು ಗೊಂಬೆ, ನೀಲಿ ಗೊಂಬೆ, ಎರಡರ ಸೊಂಟಕ್ಕೂ ಕಟ್ಟಿದ ಒಂದು ಹಗ್ಗ. ಒಂದು ಗೊಂಬೆ ಬಂಡೆ ಹಿಡಿದು ನಿಂತರೆ ಮಾತ್ರ ಇನ್ನೊಂದು ಜಿಗಿಯಬಹುದು. ಒಬ್ಬರೇ ಆಡಲು ಬರುವುದೇ ಇಲ್ಲ. ಕಡಿಮೆಗೆ ಸಿಕ್ಕಿತೆಂದು ತಂದು, ಜೊತೆಗೆ ಆಡುವವರಿಲ್ಲದೆ ಇಟ್ಟುಕೊಂಡಿದ್ದೆ. ಆಂಟಿ ಕೆಂಪು ಗೊಂಬೆಯಾದರು. ಮೊದಲ ವಾರವೆಲ್ಲ ನನ್ನನ್ನು ಪ್ರಪಾತಕ್ಕೆ ಎಳೆದುಕೊಂಡೇ ಬಿದ್ದರು, ಬಿದ್ದಾಗಲೆಲ್ಲ ನನ್ನನ್ನೇ ಬೈದರು. ಆಮೇಲೆ ಅವರು ಹಿಡಿದ ಬಂಡೆಯನ್ನು ಬಿಟ್ಟದ್ದೇ ಇಲ್ಲ. ಎಡವಟ್ಟಾಗಿ ಜಿಗಿದು ಬೀಳುತ್ತಿದ್ದವಳು ನಾನು, ಅಲ್ಲಾಡದೆ ನಿಂತು ನನ್ನನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದವರು ಅವರು.

ಹಬ್ಬ ಬಂತು, ನನಗೆ ಟಿ.ವಿ.ಯೂ ಬಂತು. ಡಬ್ಬಿ ಮಾತ್ರ ಕೆಳಗೇ ಉಳಿಯಿತು.

ಸಿ.ಡಿ. ತರುವುದು ಜಯನಗರ ನಾಲ್ಕನೇ ಬ್ಲಾಕಿನ ಒಂದು ನೆಲಮಾಳಿಗೆ ಅಂಗಡಿಯಿಂದ. ನನ್ನ ಸ್ಕೂಟರ್ ಹಿಂದೆ ಆಂಟಿ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತು ಬರುತ್ತಿದ್ದರು. ಬೇರೆಯವರು ಸಿ.ಡಿ. ಡಬ್ಬದ ಮೇಲಿನ ಚಿತ್ರ ನೋಡಿದರೆ, ಇವರು ಸಿ.ಡಿ.ಯನ್ನು ಟ್ಯೂಬ್‌ಲೈಟಿಗೆ ಹಿಡಿದು ಓರೆ ಮಾಡಿ ಗೀರು ಹುಡುಕುತ್ತಿದ್ದರು. ಒಂದು ಗೀರು ಸಿಕ್ಕರೆ ಮುಗಿಯಿತು, ಅಂಗಡಿಯವನ ಮುಖ ಚಿಕ್ಕದಾಗುತ್ತಿತ್ತು. ಹೊಸ ಆಟದ ಬಗ್ಗೆ ಅವರ ಅಭಿಪ್ರಾಯ ಅವರೆಕಾಯಿಯಿಂದ ಬಂದದ್ದು. ಸೀಸನ್ನಿನ ಮೊದಲ ಅವರೆಕಾಯಿಗೆ ರೇಟು ಜಾಸ್ತಿ, ಸೊಗಡು ಇರುವುದಿಲ್ಲ. ಚಳಿ ಬಿದ್ದು, ರಸ್ತೆಯ ಬದಿಯಲ್ಲಿ ರಾಶಿ ಸುರಿದಾಗ ತಗೊಂಡರೆ ಕೈಗೆ ಎರಡು ದಿನ ಘಮ ಇರುತ್ತದೆ. ಆಟವೂ ಹಾಗೇ ಎಂದು ಅವರ ವಾದ. ಮುಗಿಸಿದ ಆಟವನ್ನು ಮನೆಯಲ್ಲಿಟ್ಟುಕೊಳ್ಳುವುದೂ ತಪ್ಪು. ರೇಟು ಇನ್ನಷ್ಟು ಬೀಳುವ ಮುಂಚೆ ಅದೇ ಅಂಗಡಿಗೆ ಮಾರಿ, ಬಂದದ್ದಕ್ಕೆ ಸ್ವಲ್ಪ ಸೇರಿಸಿ ಮತ್ತೊಂದು ತರಬೇಕು. ಆ ಕೆಂಪು ನೀಲಿ ಗೊಂಬೆಯ ಆಟವನ್ನೂ ಹೀಗೇ ಮಾರಿದೆವು.

ಅದರ ಎರಡನೇ ಭಾಗ ಬರುತ್ತದೆಂದು ಗೊತ್ತಾದಾಗ ಇಬ್ಬರೂ ಕೂತು ಪಂಚಾಂಗ ನೋಡಿದೆವು. ಬಿಡುಗಡೆ ಸರಿಯಾಗಿ ಆಷಾಢದ ಶುರುವಿನಲ್ಲಿ. ಆಟದ ಮಟ್ಟಿಗೆ ಅದು ಮೊದಲ ಅವರೆಕಾಯಿಯ ಕಾಲ, ಮುಟ್ಟುವಂತಿಲ್ಲ. ಆಯುಧಪೂಜೆಯ ಹೊತ್ತಿಗೆ ಎಲ್ಲ ಅಂಗಡಿಗಳೂ ರೇಟು ಇಳಿಸುತ್ತವೆ, ಆಗ ತರುವುದು ಎಂದು ತೀರ್ಮಾನವಾಯಿತು. ನನಗೂ ಅದೇ ಸರಿ ಕಂಡಿತ್ತು.

ಆಷಾಢ ಇನ್ನೇನು ಹುಟ್ಟಬೇಕು ಎನ್ನುವಾಗ ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ನಾನೇ ಕೇಳಿಕೊಂಡಿದ್ದ ವರ್ಗ. ಊರು ಹತ್ತಿರ, ಊಟ ನಮ್ಮದು, ಮಾತು ನಮ್ಮದು. ಆದರೂ ಆ ಸುದ್ದಿಯನ್ನು ಹಿಡಿದುಕೊಂಡು ಮೆಟ್ಟಿಲು ಇಳಿಯುವಾಗ ಅರ್ಧದಲ್ಲೇ ಕೂತುಬಿಟ್ಟೆ. ಆಂಟಿ ಕೇಳಿಸಿಕೊಂಡು, ಒಳ್ಳೇದಾಯ್ತು ಎಂದರು. ಆಮೇಲೆ ಆಷಾಢದಲ್ಲಿ ಮನೆ ಬದಲಾಯಿಸಬಾರದು, ಶ್ರಾವಣ ಹುಟ್ಟಿದ ಮೇಲೆ ಹೋಗು ಎಂದರು. ಆಫೀಸಿನವರೂ ಅದಕ್ಕೆ ಒಪ್ಪಿದರು.

ಆ ರಾತ್ರಿ ನನಗೆ ಹೊಳೆದದ್ದು ಒಂದೇ. ಆಯುಧಪೂಜೆಗೆ ನಾನು ಇಲ್ಲಿರುವುದಿಲ್ಲ. ಎರಡನೇ ಭಾಗ ಆಡಬೇಕೆಂದರೆ ಈ ಆಷಾಢದಲ್ಲೇ ಆಡಬೇಕು, ಪೂರ್ತಿ ದುಡ್ಡು ಕೊಟ್ಟೇ ಆಡಬೇಕು. ಮಾರನೆಯ ದಿನವೇ ಕೆಳಗೆ ಹೋಗಿ, ಈ ಸಲ ನಾನೇ ಕೊಳ್ಳುತ್ತೇನೆ, ಕಾಯುವುದು ಬೇಡ ಎಂದೆ.

"ಆಷಾಢದಲ್ಲಿ ಹೊಸ್ತಿಲು ದಾಟಿ ಹೊಸಾ ಸಾಮಾನು ಬರಂಗಿಲ್ಲ ಕಣಮ್ಮ," ಎಂದರು ಆಂಟಿ.

ನನಗೆ ಸಿಟ್ಟು ಬಂತು. ಏಕೆಂದರೆ ಆಷಾಢದ ಸೇಲಿನಲ್ಲಿ ಸೀರೆ ತರುವವರಲ್ಲಿ ಇವರೇ ಮೊದಲಿಗರು. ತಂದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ನೀರಿನ ಮೋಟಾರಿನ ಪಕ್ಕ ಇಡುತ್ತಿದ್ದರು. ಮನೆಯೊಳಗೆ ಬಂದಿಲ್ಲವಲ್ಲ, ಹಾಗಾಗಿ ತಂದಂತೆ ಆಗಲಿಲ್ಲ. ಶ್ರಾವಣದ ಮೊದಲ ಶುಕ್ರವಾರ ಆ ಸೀರೆಗಳೆಲ್ಲ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಒಳಗೆ ಬರುತ್ತಿದ್ದವು. ಇದನ್ನು ನೆನಪಿಸಿದೆ. ಅವರು ಶಾಂತವಾಗಿ, ಸೀರೆಯಾದರೆ ಹೊರಗೆ ಕಾಯುತ್ತದೆ, ಸಿ.ಡಿ.ಯನ್ನು ಹೊರಗಿಟ್ಟು ಆಡುವುದು ಹೇಗೆ ಎಂದು ಕೇಳಿದರು. ನಾನು ಹೋಗುತ್ತಿರುವುದು ಇವರಿಗೆ ಏನೂ ಅಲ್ಲವೇನೋ, ಇನ್ನೊಬ್ಬ ಬಾಡಿಗೆಯವಳು ಬಂದಾಳು, ಅವಳಿಗೂ ಎರಡನೇ ರಿಮೋಟು ಕೊಟ್ಟಾರು ಎಂದುಕೊಂಡು ಧುಮುಗುಡುತ್ತಾ ಮೇಲೆ ಬಂದೆ. ಕೆಲವು ಸಂಜೆ ಕೆಳಗೆ ಇಳಿಯಲೇ ಇಲ್ಲ. ಕೆಳಗಿನಿಂದ ಧಾರಾವಾಹಿಯ ಸದ್ದು ಕೇಳುತ್ತಿತ್ತು, ಅದು ಮುಗಿದ ಮೇಲೆ ಟಿ.ವಿ. ಆಫ್ ಆಗುವುದೂ ಕೇಳುತ್ತಿತ್ತು.

ಒಂದು ಶನಿವಾರ ಸಂಜೆ ಗೇಟಿನ ಹತ್ತಿರ ಆಟೋ ನಿಂತಿತು. ಆಂಟಿ ತರಕಾರಿ ಚೀಲದೊಂದಿಗೆ ಇಳಿದು, ಕೆಳಗಿನಿಂದಲೇ ನನ್ನನ್ನು ಕೂಗಿದರು. ಹೋದರೆ, ಕೊತ್ತಂಬರಿ ಕಟ್ಟುಗಳ ಅಡಿಯಿಂದ ಸಿ.ಡಿ. ತೆಗೆದು ಕೈಗಿಟ್ಟರು. ಎರಡನೇ ಭಾಗ.

"ಸೆಕೆಂಡ್ ಹ್ಯಾಂಡ್ ಸಿಕ್ತು. ಹಳೇದಾದ್ರೆ ಆಷಾಢದಲ್ಲಿ ತರಬೌದು. ಏನ್ ತೊಂದ್ರೆ ಇಲ್ಲ."

ನಿಜ, ಸೀಲ್ ಒಡೆದಿತ್ತು. ಇಷ್ಟು ಬೇಗ ಯಾರು ಆಡಿ ಮುಗಿಸಿ ಮಾರಿದರೋ ಎಂದು ಖುಷಿಯಾಗಿ, ಎಷ್ಟಕ್ಕೆ ಬಂತು ಎಂದು ಕೇಳಿದೆ. ಆಂಟಿ ಕೊತ್ತಂಬರಿ ಬಿಡಿಸಲು ಒಳಗೆ ಹೋದರು. ಒಂದು ಕಟ್ಟು ಸೊಪ್ಪು ಕಡಿಮೆಗೆ ಸಿಕ್ಕರೂ ಇಡೀ ಬೀದಿಗೆ ರೇಟು ಸಾರುವ ಹೆಂಗಸು ಅಂದು ಬಾಯಿ ಬಿಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಅವತ್ತೇ ಆಡಲು ಕೂತೆವು. ಕೆಂಪು ಗೊಂಬೆ ಮೊದಲಿನ ಹಾಗೇ ಬಂಡೆ ಹಿಡಿದು ನಿಂತಿತು.

ಮುಂದಿನ ವಾರ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ, ಉಳಿದಿದ್ದ ನನ್ನ ಹಳೆಯ ಸಿ.ಡಿ.ಗಳನ್ನು ಮಾರಲು ನಾಲ್ಕನೇ ಬ್ಲಾಕಿಗೆ ಹೋದೆ. ಅಂಗಡಿಯವನು ನನ್ನನ್ನು ಕಂಡಕೂಡಲೇ ನಕ್ಕು, ನಿಮ್ಮ ಆಂಟಿ ನಮಗೆ ಹೊಸ ವ್ಯಾಪಾರ ಕಲಿಸಿದರು ಎಂದು ಹೇಳತೊಡಗಿದ. ಆಟ ಬಿಡುಗಡೆಯಾದಾಗಿನಿಂದ ಅವರು ಮಾರ್ಕೆಟ್ಟಿಗೆ ಬಂದಾಗಲೆಲ್ಲ ನೆಲಮಾಳಿಗೆಗೆ ಇಳಿದು, ಯಾರಾದರೂ ವಾಪಸ್ ತಂದರಾ ಎಂದು ಕೇಳುತ್ತಿದ್ದರಂತೆ. ಆಟ ಚೆನ್ನಾಗಿತ್ತು, ಒಬ್ಬರೂ ತಂದಿರಲಿಲ್ಲ. ಆ ಶನಿವಾರ ಬಂದವರು ಹೊಸದನ್ನೇ ಕೊಡು ಎಂದರಂತೆ. ಚೌಕಾಸಿ ಇಲ್ಲ. ಪೂರ್ತಿ ದುಡ್ಡು ಕೊಟ್ಟು, ಸೀಲ್ ನೀನೇ ಒಡಿ ಎಂದರಂತೆ. ಒಡೆದರೆ ಸಾಲದು, ನಿನ್ನ ಡಬ್ಬಿಗೆ ಹಾಕಿ ಆಡು, ಯಾರಾದರೂ ಆಡಿದರೆ ತಾನೇ ಅದು ಹಳೆಯದಾಗುವುದು ಎಂದರಂತೆ. ಅಂಗಡಿಯವನು ತನ್ನ ತಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು ಸ್ವಲ್ಪ ಹೊತ್ತು ಆಡಿ ಕೊಟ್ಟನಂತೆ.

"ನಾವ್ ಆಡ್ತಿದ್ರೆ ಅವರು ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ರು ಮೇಡಂ," ಎಂದ. "ಯಾಕಮ್ಮಾ ಅಂದ್ರೆ, ಆ ಹುಡುಗೀನ ಬಿಟ್ಟು ನಾನೊಬ್ಳೇ ಮೊದಲು ನೋಡಬಾರ್ದು ಅಂದ್ರು."

ನನ್ನ ಕಣ್ಣು ತುಂಬಿ ಬಂತು. ಅಂಗಡಿಯವನ ಮುಂದೆ ಅಳಬಾರದೆಂದು, ಅವನು ಹೇಳಿದ ರೇಟಿಗೇ ನನ್ನ ಸಿ.ಡಿ.ಗಳನ್ನೆಲ್ಲ ಕೊಟ್ಟು ಮೇಲೆ ಬಂದೆ. ಬೇರೆ ದಿನವಾಗಿದ್ದರೆ ಅವನು ಅಷ್ಟು ಕಡಿಮೆ ಹೇಳುವ ಧೈರ್ಯ ಮಾಡುತ್ತಿರಲಿಲ್ಲ. ಸ್ಕೂಟರಿನ ಹತ್ತಿರ ನಿಂತು ಬಹಳ ಹೊತ್ತು ಹೆಲ್ಮೆಟ್ಟಿನ ಪಟ್ಟಿ ಸರಿ ಮಾಡಿಕೊಂಡೆ. ಇನ್ನೊಬ್ಬ ಬಾಡಿಗೆಯವಳು ಬಂದಾಳು ಎಂದುಕೊಂಡು ಧುಮುಗುಟ್ಟಿದ್ದು ನೆನಪಾಗಿ ನನ್ನ ಮೇಲೇ ನಗು ಬಂತು, ಅಳುವೂ ಬಂತು. ಮನೆಗೆ ಹೋಗಿ ಆಂಟಿಗೆ ಏನೂ ಹೇಳಲಿಲ್ಲ. ಅವರು ಅಷ್ಟು ಕಷ್ಟಪಟ್ಟು ಹಳೆಯದು ಮಾಡಿದ ಸಿ.ಡಿ.ಯನ್ನು ಹೊಸದೆಂದು ನಾನೇಕೆ ಹೇಳಲಿ?

ಆಷಾಢ ಮುಗಿಯುವವರೆಗೂ ಆಡಿದೆವು. ಆಫೀಸಿನಿಂದ ಬಂದವಳು ಮೇಲೆ ಹೋಗದೆ ನೇರ ಅಲ್ಲಿಗೇ ಹೋಗುತ್ತಿದ್ದೆ. ಎರಡನೇ ಭಾಗ ಮೊದಲಿನದಕ್ಕಿಂತ ಕಷ್ಟವಿತ್ತು. ಹಿಮ ಬಿದ್ದು ಬಂಡೆಗಳು ಜಾರುತ್ತಿದ್ದವು. ಅಂಕಲ್ ಪಾರ್ಕಿನಿಂದ ಬಂದು, ಊಟ ಇದೆಯೋ ಇಲ್ಲವೋ ಎಂದು ಕೇಳಿ, ಉತ್ತರ ಬಾರದೆ ತಾವೇ ಬಡಿಸಿಕೊಂಡು ಉಂಡ ದಿನಗಳೂ ಇದ್ದವು. ಹೀಗೆ ಕೊನೆಯ ಬೆಟ್ಟದ ಬುಡಕ್ಕೆ ಬಂದು ನಿಂತೆವು. ಅದೊಂದು ಹತ್ತಿದರೆ ಆಟ ಮುಗಿಯುತ್ತಿತ್ತು. ನನ್ನ ಗೊಂಬೆ ಜಿಗಿಯಲು ಸಿದ್ಧವಾಗಿತ್ತು. ಆಂಟಿ ರಿಮೋಟು ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದರು.

"ಉಳೀಲಿ ಬಿಡು. ಎಲ್ಲಾ ಇವತ್ತೇ ಮುಗಿಸಿ ಏನ್ಮಾಡ್ಬೇಕು?"

ಶ್ರಾವಣ ಹುಟ್ಟಿ ಲಾರಿ ಬಂದ ದಿನ ನಾನು ಡಬ್ಬಿಯನ್ನು ಅವರ ಮನೆಯಲ್ಲೇ ಬಿಟ್ಟು ಹೋಗಲು ನೋಡಿದೆ. ಅವರು ಬಿಡಲಿಲ್ಲ. ತಾವೇ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಎರಡು ರಿಮೋಟನ್ನೂ ಸೇರಿಸಿ ನನ್ನ ಮಡಿಲಿಗಿಟ್ಟರು. ನೀನಿಲ್ಲದೆ ಇದು ನನಗೆ ಯಾತಕ್ಕೆ ಎಂದರು. ಸಿ.ಡಿ. ಎಲ್ಲಿ ಎಂದು ಕೇಳಿದೆ.

"ಅದು ನಂದು. ನಾನ್ ತಂದಿದ್ದು, ನನ್ನ ಹತ್ರ ಇರತ್ತೆ."

"ಮಾರ್ತೀರೇನ್ರಿ ಆಂಟಿ?" ಎಂದೆ. ಮಾರುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಬೇರೆ ಇರಲಿಲ್ಲ. ಮಾರ್ಕೆಟ್ಟಿನಲ್ಲಿ ಸೆಕೆಂಡ್ ಹ್ಯಾಂಡ್ ಇನ್ನೂ ಬಂದಿರಲಿಲ್ಲ, ಹೆಚ್ಚೂ ಕಡಿಮೆ ಕೊಟ್ಟಷ್ಟೇ ವಾಪಸ್ ಬರುತ್ತಿತ್ತು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವರು ನನ್ನ ಮಾತು ಕೇಳಿಸದವರಂತೆ ಲಾರಿಯವನಿಗೆ, ಆ ಕಪಾಟು ನಿಲ್ಲಿಸಿ ಇಡಪ್ಪಾ, ಮಲಗಿಸಬೇಡ ಎಂದು ಕೂಗಿದರು. ಕಿಟಕಿಯಿಂದ ಒಳಗೆ ನೋಡಿದರೆ ಅವರ ಶೋಕೇಸಿನಲ್ಲಿ, ಹಿತ್ತಾಳೆ ಗಣಪತಿಯ ಪಕ್ಕ, ಆ ಸಿ.ಡಿ. ಡಬ್ಬ ನಿಂತಿತ್ತು.

ಹೀಗಾಗಿ ಈಗ ಡಬ್ಬಿ ಹುಬ್ಬಳ್ಳಿಯಲ್ಲಿ, ಸಿ.ಡಿ. ಬಿ.ಟಿ.ಎಂ.ನಲ್ಲಿ. ಆಂಟಿ ವಾರಕ್ಕೊಮ್ಮೆ ಫೋನ್ ಮಾಡಿ ಟೊಮೇಟೊ ರೇಟು ಹೇಳುತ್ತಾರೆ. ಮೇಲಿನ ಮನೆಗೆ ಬಂದ ಹೊಸ ಹುಡುಗಿ ಒಳ್ಳೆಯವಳಂತೆ, ಆದರೆ ಟಿ.ವಿ. ನೋಡುವುದಿಲ್ಲವಂತೆ.

ಮೊನ್ನೆ ಇಲ್ಲಿಯ ಒಂದು ಅಂಗಡಿಯಲ್ಲಿ ದಸರೆಯ ಸೇಲ್ ಶುರುವಾಗಿತ್ತು. ನಾವು ಮೊದಲೇ ಲೆಕ್ಕ ಹಾಕಿದಂತೆ, ಅದೇ ಎರಡನೇ ಭಾಗ, ಸೀಲ್ ಕೂಡ ಒಡೆಯದ್ದು, ಅರ್ಧ ಬೆಲೆಗೆ ಬಿದ್ದಿತ್ತು. ಅದಕ್ಕಿಂತ ಒಳ್ಳೆಯ ರೇಟು ಸಿಗುವುದಿಲ್ಲ. ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ನೋಡಿದೆ, ಕೆಂಪು ಗೊಂಬೆಯ ಮೇಲೆ ಬೆರಳಾಡಿಸಿದೆ, ಎತ್ತಿಕೊಂಡ ಜಾಗದಲ್ಲೇ ವಾಪಸ್ ಇಟ್ಟೆ. ಅಲ್ಲಿಂದ ಹೊರಗೆ ಬಂದು ಆಯುಧಪೂಜೆಯ ಮುಂಚಿನ ದಿನಕ್ಕೆ ಬೆಂಗಳೂರಿನ ಬಸ್ಸಿಗೆ ಟಿಕೆಟ್ ಮಾಡಿಸಿದೆ. ಹಬ್ಬವೆಂದು ಬಸ್ಸಿನವರು ದರ ಏರಿಸಿದ್ದರು. ಕೇಳಿದಷ್ಟು ಕೊಟ್ಟೆ.