ಆಣೆ ಮಾಡಿ, ಮೇಡಂ

ಎಮರ್ಜೆನ್ಸಿಯಲ್ಲಿ ರೋಗಿಯನ್ನು ಮಾತಾಡಿಸುವುದು ಕಷ್ಟವಲ್ಲ, ಜೊತೆಗೆ ಬಂದವರ ಬಾಯಿ ಮುಚ್ಚಿಸುವುದು ಕಷ್ಟ. ಜಯನಗರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನಾನು ಡ್ಯೂಟಿ ಡಾಕ್ಟರ್. ಹದಿನಾರರ ಹುಡುಗಿಯನ್ನು ಎಲ್ಲಿ ನೋಯುತ್ತಿದೆ ಎಂದು ಕೇಳಿದರೆ ಅವಳಮ್ಮ ಉತ್ತರ ಕೊಡುತ್ತಾರೆ. ನನಗೆ ರೇಗುತ್ತದೆ. ಅದಕ್ಕೇ ಒಂದು ಉಪಾಯ ಇಟ್ಟುಕೊಂಡಿದ್ದೇನೆ: ಚೀಟಿ ಬರೆದು ಕೆಳಗಿನ ಮೆಡಿಕಲ್ ಸ್ಟೋರಿಗೆ ಕಳಿಸುವುದು. ಔಷಧಿ ಚೀಟಿಗೆ ಯಾವ ತಾಯಿಯೂ ಇಲ್ಲ ಎನ್ನುವುದಿಲ್ಲ.

ಆ ಮಧ್ಯಾಹ್ನ ಬಂದ ಹುಡುಗಿ ಪದ್ಮನಾಭನಗರದ ಟ್ಯೂಷನ್‌ನಲ್ಲೇ ವಾಂತಿ ಮಾಡಿಕೊಂಡಿದ್ದಳು.

"ನಿನ್ನೆ ಪಾನಿಪುರಿ ತಿಂದಿದಾಳೆ ಮೇಡಂ, ಅದೇ" ಎಂದು ಅಮ್ಮ ತೀರ್ಪು ಕೊಟ್ಟುಬಿಟ್ಟರು. ಹುಡುಗಿ ನನ್ನ ಕಣ್ಣು ತಪ್ಪಿಸಿದಳು. ಅಮ್ಮನನ್ನು ಚೀಟಿ ಕೊಟ್ಟು ಕಳಿಸಿ ಪರದೆ ಎಳೆದೆ.

"ಏನಾಯ್ತು, ನನ್ಹತ್ರ ಹೇಳು."

ಅವಳು ಅಂಗೈ ಚಾಚಿದಳು. "ಅಮ್ಮಂಗೆ ಹೇಳಲ್ಲ ಅಂತ ಆಣೆ ಮಾಡಿ, ಮೇಡಂ. ಆಮೇಲೆ ಹೇಳ್ತೀನಿ."

ಕೈಮೇಲೆ ಕೈಯಿಟ್ಟರೆ ಬಾಯಿ ಬಿಡುತ್ತಾಳೆ. ಆದರೆ ಜೀವಕ್ಕೇ ಸಂಚಕಾರ ತರುವಂಥದ್ದಾದರೆ ನಾನು ಆಣೆ ಮುರಿಯಲೇಬೇಕು. ಆಮೇಲೆ ಅವಳು ಯಾವ ಡಾಕ್ಟರನ್ನೂ ನಂಬುವುದಿಲ್ಲ. ಅಮ್ಮ ಯಾವ ಕ್ಷಣದಲ್ಲಾದರೂ ವಾಪಸ್ಸು ಬರಬಹುದಿತ್ತು.

"ಆಣೆ ಮಾಡಲ್ಲ ಕಣಮ್ಮ. ನಿನ್ನ ಜೀವಕ್ಕೆ ಅಪಾಯ ಇದ್ರೆ ಅಮ್ಮಂಗೆ ಹೇಳಲೇಬೇಕು. ಮಿಕ್ಕಿದ್ದು ನಿಂದು, ನನ್ನ ಬಾಯಿಂದ ಬರಲ್ಲ."

ಕೈ ಚಾಚಿಯೇ ಇತ್ತು. ನಾನು ಅದನ್ನು ಸುಮ್ಮನೆ ಹಿಡಿದುಕೊಂಡೆ. ಕೊನೆಗೆ ಪಿಸುಗುಟ್ಟಿದಳು. ಹಿಂದಿನ ರಾತ್ರಿ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ನುಂಗಿದ್ದಳು. ಯಾಕೆಂದೂ ಹೇಳಿದಳು. ಆ ಕಾರಣವನ್ನು ನಾನು ಇಲ್ಲೂ ಬರೆಯುವುದಿಲ್ಲ.

ಬೇಗ ಮದ್ದು ಕೊಡದಿದ್ದರೆ ಲಿವರ್ ಕೈಕೊಡುತ್ತಿತ್ತು. ಡ್ರಿಪ್ ಶುರುಮಾಡಿಸಿ, ಅಮ್ಮನಿಗೆ ಹೇಳುತ್ತೇನೆಂದು ಅವಳಿಗೆ ತಿಳಿಸಿಯೇ ಹೊರಗೆ ಬಂದೆ. ಮಾತ್ರೆಯ ವಿಷಯ ಕೇಳಿದ ಅಮ್ಮ ನನ್ನ ತೋಳು ಹಿಡಿದುಕೊಂಡರು.

"ಯಾಕಂತೆ?"

"ಅದನ್ನ ಅವಳೇ ಹೇಳ್ಬೇಕಮ್ಮ."

"ಹೆತ್ತೋಳು ನಾನಾ, ನೀವಾ?"

ನನಗೂ ಮಗಳಿದ್ದಾಳೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ಡಾಕ್ಟರ ಕೊರಳಪಟ್ಟಿಯನ್ನೇ ಹಿಡಿಯುತ್ತಿದ್ದೆ.

ಅಷ್ಟರಲ್ಲಿ ಹುಡುಗಿಯ ಸೋದರತ್ತೆ ಕಾಫಿ ಫ್ಲಾಸ್ಕ್ ಸಮೇತ ಬಂದೇಬಿಟ್ಟರು. "ಏನಂತೆ ಅತ್ತಿಗೆ? ಏನಂದ್ರು ಡಾಕ್ಟ್ರು?"

ನಾವು ನಿಂತಿದ್ದದ್ದು ಪರದೆಯ ಪಕ್ಕದಲ್ಲೇ. ಒಳಗಿದ್ದವಳಿಗೆ ಎಲ್ಲ ಕೇಳಿಸುತ್ತಿತ್ತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಪಾನಿಪುರಿ ತಿಂದಿದ್ಲು ಕಣೇ. ಹೊಟ್ಟೆ ಕೆಟ್ಟಿದೆ, ಅಷ್ಟೆ."

ನಾನು ಒಳಗೆ ಹೋದಾಗ ಹುಡುಗಿ ಬಿಕ್ಕುತ್ತಿದ್ದಳು. "ಅತ್ತೇಗೂ ಹೇಳ್ಲಿಲ್ಲ ಅಮ್ಮ" ಎಂದಳು. ಕಣ್ಣೊರೆಸಿಕೊಂಡು, "ಅಮ್ಮ ಒಬ್ರನ್ನೇ ಕಳ್ಸಿ ಮೇಡಂ. ನಾನೇ ಹೇಳ್ತೀನಿ."

ನಾನು ಇನ್ನೊಂದು ಚೀಟಿ ಬರೆದು ಅತ್ತೆಯ ಕೈಗಿಟ್ಟು, ಮೆಡಿಕಲ್ ಸ್ಟೋರಿಗೆ ಕಳಿಸಿದೆ.